ನಾಗಪುರ ಒಳಗೆ, ವಿಜಾಪುರ ಹೊರಗೆ: 1956ರ ಐವತ್ತಮೂರು ದಿನ

1956ರ ಅಕ್ಟೋಬರ್ 14, ಭಾನುವಾರ, ವಿಜಯದಶಮಿ. ವಿಜಾಪುರ ಸೀಮೆಯಲ್ಲಿ ಅದು ಬನ್ನಿ ಹಬ್ಬ. ಸಂಜೆ ಊರ ಹೊರಗೆ ಹೋಗಿ ಬನ್ನಿ ಮುರಿದು ತಂದು, ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಎನ್ನುತ್ತಾರೆ. ವರ್ಷದ ಜಗಳವೆಲ್ಲ ಅಂದು ಒಂದು ಎಲೆಯಲ್ಲಿ ಮುಗಿಯಬೇಕೆಂಬ ಲೆಕ್ಕ. ಆದರೆ ಬನ್ನಿ ಕೈಯಿಂದ ಕೈಗೆ ದಾಟುವ ವಸ್ತು. ಕೈಗೆ ಕೈ ತಾಗಿದರೆ ಮೈಲಿಗೆ ಎನ್ನುವ ಊರಿನಲ್ಲಿ ಆ ಬಂಗಾರ ಎಲ್ಲಿಯವರೆಗೆ ಹೋಗಿ ನಿಲ್ಲುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ದಿನ ಬೆಳಿಗ್ಗೆ ನಾಗಪುರದ ಬಯಲಿನಲ್ಲಿ ಲಕ್ಷಾಂತರ ಜನರ ಎದುರು ಡಾ. ಬಿ.ಆರ್. ಅಂಬೇಡ್ಕರ್ ಮತ್ತು ಸವಿತಾ ಅಂಬೇಡ್ಕರ್ ಕುಶಿನಗರದ ಹಿರಿಯ ಭಿಕ್ಷು ಚಂದ್ರಮಣಿಯವರಿಂದ ತ್ರಿಶರಣ, ಪಂಚಶೀಲ ಪಡೆದು ಬೌದ್ಧರಾದರು. ಆಮೇಲೆ ಅಂಬೇಡ್ಕರರೇ ನೆರೆದವರಿಗೆ ದೀಕ್ಷೆ ಕೊಟ್ಟರು. ತಾವೇ ರೂಪಿಸಿದ 22 ಪ್ರತಿಜ್ಞೆಗಳನ್ನು ಹೇಳಿಸಿದರು. ಹಳೆಯ ದೇವರು, ಹಳೆಯ ವಿಧಿ ಬಿಡುವ ಖಡಾಖಂಡಿತ ಮಾತುಗಳ ನಡುವೆ, ಎಲ್ಲ ಜೀವಿಗಳ ಮೇಲೂ ಕರುಣೆ ಇಡುತ್ತೇನೆ ಎಂಬ ಪ್ರತಿಜ್ಞೆಯೂ ಅಲ್ಲಿತ್ತು. ಶತಮಾನಗಳ ಕಾಲ ಯಾರ ಕರುಣೆಯನ್ನೂ ಕಾಣದವರು ಎಲ್ಲರ ಮೇಲೂ ಕರುಣೆ ಇಡುತ್ತೇವೆಂದು ಮಾತು ಕೊಟ್ಟದ್ದು ಆ ದಿನದ ಅತಿ ವಿಚಿತ್ರ ಸಂಗತಿ ಎಂದು ನನಗೆ ಅನ್ನಿಸುತ್ತದೆ.

ಆ ಅಕ್ಟೋಬರ್ 14ರಂದು ವಿಜಾಪುರ ಇದ್ದದ್ದು ಮುಂಬೈ ರಾಜ್ಯದಲ್ಲಿ. ನಾಗಪುರ ಇದ್ದದ್ದು ಮಧ್ಯಪ್ರದೇಶದಲ್ಲಿ, ಅದೂ ರಾಜಧಾನಿಯಾಗಿ. ಹದಿನೆಂಟು ದಿನ ಕಳೆದು ನವೆಂಬರ್ 1 ಬಂತು. ರಾಜ್ಯ ಪುನರ್ವಿಂಗಡಣೆ ಕಾಯ್ದೆ ಜಾರಿಯಾಯಿತು. ನಾಗಪುರ ಮುಂಬೈ ರಾಜ್ಯದೊಳಗೆ ಬಂತು. ವಿಜಾಪುರ, ಧಾರವಾಡ, ಉತ್ತರ ಕನ್ನಡ, ಚಂದಗಡ ತಾಲ್ಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಗಳು ಮುಂಬೈಯಿಂದ ಹೊರಬಂದು ಮೈಸೂರು ರಾಜ್ಯ ಸೇರಿದವು. ಒಂದೇ ಹೊಸ್ತಿಲಲ್ಲಿ ಒಬ್ಬರು ಒಳಗೆ ಬರುವಾಗ ಇನ್ನೊಬ್ಬರು ಹೊರಗೆ ನಡೆದಂತೆ, ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುವ ಮೊದಲೇ ಅದು ಮುಗಿದುಹೋಯಿತು. ಇನ್ನು 35 ದಿನಕ್ಕೆ, ಡಿಸೆಂಬರ್ 6ರಂದು, ಅಂಬೇಡ್ಕರ್ ದಿಲ್ಲಿಯಲ್ಲಿ ತೀರಿಕೊಂಡರು.

ಕನ್ನಡದ ಇತಿಹಾಸದಲ್ಲಿ ನವೆಂಬರ್ 1 ಏಕೀಕರಣದ ದಿನ. ಅದರ ಸಂಭ್ರಮಕ್ಕೆ ನ್ಯಾಯವಾದ ಕಾರಣಗಳಿವೆ. ವಿಜಾಪುರಕ್ಕಂತೂ ಅದು ಎರಡು ಸಲ ಬಂದ ದಿನ. 2014ರ ನವೆಂಬರ್ 1ರಂದು ಊರಿನ ಅಧಿಕೃತ ಹೆಸರು ವಿಜಯಪುರ ಆಯಿತು. ಆದರೆ ತಿಕೋಟಾ, ಬಬಲೇಶ್ವರದಂಥ ಊರುಗಳ ಕೇರಿಗಳಿಂದ ನೋಡಿದರೆ 1956ರ ಆ 53 ದಿನಗಳ ಕತೆಗೆ ಬೇರೆ ಮುಖವಿದೆ. ಮೂವತ್ತು ವರ್ಷ ಮುಂಬೈ ಪ್ರಾಂತ್ಯದೊಳಗೆ ಬೆಳೆದ ಒಂದು ಚಳವಳಿ ಧರ್ಮವಾಗಿ ಮಾರ್ಪಟ್ಟ ತಿಂಗಳೊಳಗೇ ಅವರು ಆ ಪ್ರಾಂತ್ಯದ ಹೊರಗಾದರು.

ಆ ಮೂವತ್ತು ವರ್ಷಗಳ ವಿಚಾರಕ್ಕೆ ಬರುವ ಮೊದಲು ನೆಲದ ಸ್ವಭಾವ ಒಂದಿಷ್ಟು ಹೇಳಬೇಕು. ತಿಕೋಟಾ ವಿಜಾಪುರದಿಂದ ಅಥಣಿಗೆ ಹೋಗುವ ಹಾದಿಯಲ್ಲಿದೆ, ಬಬಲೇಶ್ವರ ಜಮಖಂಡಿ ಹಾದಿಯಲ್ಲಿ. ಎರಡೂ ಈಗ ತಾಲ್ಲೂಕು ಕೇಂದ್ರಗಳು. 1956ರಲ್ಲಿ ವಿಜಾಪುರ ತಾಲ್ಲೂಕಿನ ದೊಡ್ಡ ಹಳ್ಳಿಗಳು. ಈ ಸೀಮೆಯ ನಡುವೆ ಡೋಣಿ ಹೊಳೆ ಹರಿಯುತ್ತದೆ. ಎರಿ ಮಣ್ಣು, ಬಿಳಿ ಜೋಳ. ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಎಂಬ ಮಾತು ಇಲ್ಲಿಯದು. ಆದರೆ ಡೋಣಿಯ ನೀರು ಸವುಳು. ಮಣ್ಣು ಬಂಗಾರ, ನೀರು ಉಪ್ಪು. ಆದಿಲಶಾಹಿ ಅರಸರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ವಿಜಾಪುರದ ತಾಜ್ ಬಾವಡಿ, ತೊರವಿಯಿಂದ ನಗರಕ್ಕೆ ನೀರು ತಂದ ಸುರಂಗ, ಬೇಗಂ ತಾಲಾಬ್, ಬಬಲೇಶ್ವರ ಬದಿಯ ಮಮದಾಪುರದ ದೊಡ್ಡ ಕೆರೆ, ಎಲ್ಲ ಆ ತಿಳಿವಳಿಕೆಯ ಫಲ. ಇಂಥಲ್ಲಿ ಸಿಹಿನೀರಿನ ಬಾವಿ ಎಂದರೆ ಅಧಿಕಾರ. ಅದರ ಗಡಗಡಿ ಯಾರ ಕೈಯಲ್ಲಿ ತಿರುಗುತ್ತದೆ, ಯಾರು ದೂರ ನಿಂತು ಕೊಡ ಒಡ್ಡಿ ಕಾಯುತ್ತಾರೆ ಎನ್ನುವುದರಲ್ಲಿ ಊರಿನ ನಕಾಶೆ ಪೂರ್ತಿ ಇರುತ್ತಿತ್ತು.

ಬರಗಾಲವೂ ಇಲ್ಲಿಗೆ ಹೊಸದಲ್ಲ. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ನಂತರದ ವಿಜಾಪುರ ಜಿಲ್ಲೆ, ತನ್ನ ಜನಸಂಖ್ಯೆಯ ಐದನೇ ಒಂದು ಭಾಗಕ್ಕೂ ಹೆಚ್ಚನ್ನು ಕಳೆದುಕೊಂಡಿತು. ಸತ್ತವರು, ಗುಳೆ ಹೋದವರು ಎಲ್ಲ ಸೇರಿ. ಹಾಗಾಗಿ ಈ ಸೀಮೆಯ ಜನಕ್ಕೆ ದಯೆ ಗೊತ್ತಿಲ್ಲ ಎನ್ನುವಂತಿಲ್ಲ. ಮಠಗಳ ದಾಸೋಹ, ದರ್ಗಾಗಳ ಲಂಗರು, ಬರದಲ್ಲಿ ಅಂಬಲಿ ಹಂಚುವ ಗಂಜಿ ಕೇಂದ್ರ ಎಲ್ಲ ಇದ್ದವು. ಬಸವಣ್ಣ ಹುಟ್ಟಿದ್ದು ಈ ಜಿಲ್ಲೆಯಲ್ಲೇ. ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತನ್ನವರೆಂದ ಚಳವಳಿಯ ಬೇರು ಇಲ್ಲಿದೆ. ಸೂಫಿಗಳಿಗೆ ನಡೆದುಕೊಂಡ ಎರಡನೇ ಇಬ್ರಾಹಿಂ ಆದಿಲಶಾಹನನ್ನು ‘ಜಗದ್ಗುರು’ ಎಂದು ಕರೆದ ಊರು ಇದು. ಆದರೂ ದಾಸೋಹದ ಪಂಕ್ತಿ ಹಲವು ಕಡೆ ಹೊಸ್ತಿಲಲ್ಲೇ ನಿಂತಿತು. ಕೊಡುವ ಕೈ ಮೇಲೆ, ಒಡ್ಡುವ ಕೈ ಕೆಳಗೆ, ನಡುವೆ ನೀರು ಬೀಳುವಷ್ಟು ಅಂತರ. ದಯೆ ಆ ಅಂತರವನ್ನು ಉಳಿಸಿಕೊಂಡೇ ನಡೆಯಬಲ್ಲದು ಎಂಬುದು ಈ ಸೀಮೆಯ ಹಳೆಯ ಅನುಭವ.

ಬುದ್ಧ ಇಲ್ಲಿಗೆ ಪರಕೀಯನೇ? 1956ರಲ್ಲಿ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆಗ ತಿಳಿದಿದ್ದ ಕುರುಹುಗಳು ಚೆದುರಿದ್ದವು. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಸಿಕ್ಕಿತ್ತು. ಹಳೆಯ ವಿಜಾಪುರ ಜಿಲ್ಲೆಗೇ ಸೇರಿದ್ದ ಐಹೊಳೆಯ ಮೇಗುತಿ ಗುಡ್ಡದ ಮೇಲೆ, ಪುಲಕೇಶಿಯ ಶಾಸನವಿರುವ ಜಿನಾಲಯದ ಕೆಳಬದಿಗೆ, ಎರಡು ಅಂತಸ್ತಿನ ಬೌದ್ಧ ಗುಡಿ ಇದೆ. ಚಾವಣಿಯಲ್ಲಿ ಬುದ್ಧ ಕೂತಿದ್ದಾನೆ. ಅದೇ ಪುಲಕೇಶಿಯ ರಾಜ್ಯದಲ್ಲಿ ನೂರಕ್ಕೂ ಮಿಕ್ಕಿ ಸಂಘಾರಾಮಗಳಿವೆ, ಐದು ಸಾವಿರದಷ್ಟು ಭಿಕ್ಷುಗಳಿದ್ದಾರೆ ಎಂದು ಚೀನೀ ಯಾತ್ರಿಕ ಯುವಾನ್ ಚಾಂಗ್ ಬರೆದ. 1095ರಷ್ಟು ಈಚೆಗೂ ಡಂಬಳದಲ್ಲಿ ಹದಿನಾರು ಮಂದಿ ಶೆಟ್ಟರು ಕಟ್ಟಿಸಿದ ವಿಹಾರಕ್ಕೆ ದತ್ತಿ ಸಿಕ್ಕಿತ್ತು. ಲೊಕ್ಕಿಗುಂಡಿಯ ವ್ಯಾಪಾರಿಯೊಬ್ಬ ತಾರಾದೇವಿಗೆ ವಿಹಾರ ಮಾಡಿಸಿದ್ದ. ಆದರೆ ಡಂಬಳದ ಶಾಸನ ಓದಿದವರು ಪಂಡಿತರು. ಕೇರಿಯಲ್ಲಿ ಅದರ ನೆನಪು ಇರಲಿಲ್ಲ.

ದೊಡ್ಡ ಸಾಕ್ಷಿ ಇನ್ನೂ ಮಣ್ಣೊಳಗಿತ್ತು. ವಿಜಾಪುರ ಜಿಲ್ಲೆಯ ಉತ್ತರದ ಅಂಚನ್ನು ತೊಳೆಯುವ ಭೀಮೆಯೇ ಕೆಳಗೆ ಕಲಬುರಗಿ ಸೀಮೆಯ ಸನ್ನತಿಯನ್ನು ಹಾಯುತ್ತದೆ. 1954ರಲ್ಲಿ ಕಪಟರಾಳ ಕೃಷ್ಣರಾಯರು ಅಲ್ಲಿಯ ಬೌದ್ಧ ಅವಶೇಷಗಳ ಕಡೆ ವಿದ್ವಾಂಸರ ಗಮನ ಸೆಳೆದಿದ್ದರು, ಅಷ್ಟೇ. ಚಂದ್ರಲಾಂಬಾ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಪೀಠಕ್ಕೆಂದು ಚಪ್ಪಡಿಯ ನಡುವೆ ತೂತು ಕೊರೆದಿದ್ದರು. ಅಷ್ಟು ಅಕ್ಷರ ಹೋಯಿತು. ಉಳಿದದ್ದರಲ್ಲಿ ಹನ್ನೆರಡನೆಯ ಶಾಸನದ ಭಾಗವಿದೆ: ತನ್ನ ಪಂಥವನ್ನು ಹೊಗಳಲು ಬೇರೆಯವರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎಂಬ ತಾತ್ಪರ್ಯದ್ದು. ಕಳಿಂಗದಲ್ಲಿ ಕೆತ್ತಿಸಿದ್ದ ಪ್ರತ್ಯೇಕ ಶಾಸನಗಳೂ ಅಲ್ಲಿವೆ. ಅವುಗಳಲ್ಲಿ ದೊರೆ ಜನರನ್ನೆಲ್ಲ ತನ್ನ ಮಕ್ಕಳೆನ್ನುತ್ತಾನೆ, ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿಟ್ಟು ಹಿಂಸಿಸಬಾರದೆಂದು ಅಧಿಕಾರಿಗಳನ್ನು ಎಚ್ಚರಿಸುತ್ತಾನೆ. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಆಮೇಲೆ ಅಶೋಕನ ಹೆಸರು ಕೊರೆದ ಶಿಲ್ಪವೇ ಸಿಕ್ಕಿತು. ಹೊರಗಿನ ಧರ್ಮ ಎಂಬ ಆಕ್ಷೇಪಕ್ಕೆ ಉತ್ತರ ಅದೇ ಹೊಳೆಯ ದಂಡೆಯಲ್ಲಿ ಹೂತಿತ್ತು. ಬೇಕಾದ ಹೊತ್ತಿಗೆ ಮಾತ್ರ ಮೇಲೆ ಬರಲಿಲ್ಲ.

1956ರ ವಿಜಾಪುರಕ್ಕೆ ಬುದ್ಧ ಬಂದದ್ದು ಭೀಮೆಯಿಂದಲ್ಲ, ಮುಂಬೈ ಪ್ರಾಂತ್ಯದ ಕಾನೂನು, ಶಾಲೆ ಮತ್ತು ರೈಲಿನ ಜೊತೆ. 1884ರ ಹೊತ್ತಿಗೆ ಹೊಟಗಿ–ಗದಗ ಮೀಟರ್‌ಗೇಜ್ ಹಾದಿ ವಿಜಾಪುರವನ್ನು ಸೊಲ್ಲಾಪುರಕ್ಕೆ ಜೋಡಿಸಿತು. ಬರ ಬಂದಾಗ ಈ ಕಡೆಯವರು ಸೊಲ್ಲಾಪುರದ ಗಿರಣಿಗಳಿಗೆ ದುಡಿಯಲು ಹೋದರು. ಸೊಲ್ಲಾಪುರ ಅಂಬೇಡ್ಕರ್ ಮತ್ತೆ ಮತ್ತೆ ಬಂದುಹೋದ ಊರು. ‘ಮೂಕನಾಯಕ’ (1920), ‘ಬಹಿಷ್ಕೃತ ಭಾರತ’ (1927) ಮರಾಠಿ ಪತ್ರಿಕೆಗಳಾಗಿದ್ದರೂ ಮುಂಬೈ ಕರ್ನಾಟಕದಲ್ಲಿ ಮರಾಠಿ ಓದಬಲ್ಲವರಿಗೆ ಕೊರತೆಯಿರಲಿಲ್ಲ.

1923ರ ಆಗಸ್ಟ್‌ನಲ್ಲಿ ಎಸ್.ಕೆ. ಬೋಲೆ ಮುಂಬೈ ಶಾಸನ ಪರಿಷತ್ತಿನಲ್ಲಿ ತಂದ ಠರಾವು ಪಾಸಾಯಿತು: ಸರಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. ಮುಂಬೈ ಪ್ರಾಂತ್ಯದ ಠರಾವಾದ್ದರಿಂದ ಕಾಗದದ ಮೇಲೆ ಅದು ತಿಕೋಟಾದ ಬಾವಿಗೂ ಅನ್ವಯ. ಅದನ್ನು ನಂಬಿಯೇ 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ಅದಕ್ಕೂ ಎರಡು ವರ್ಷ ಮೊದಲು, 1925ರ ಏಪ್ರಿಲ್‌ನಲ್ಲಿ, ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ಅವರ ಅಧ್ಯಕ್ಷತೆಯಲ್ಲಿ ನಡೆದಿತ್ತು. ಮಹಾಡಕ್ಕಿಂತ ನಿಪ್ಪಾಣಿ ಮೊದಲು ಎಂಬುದನ್ನು ನಾವು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ.

ಇನ್ನೊಂದು ಎಳೆ ವತನದ್ದು. ಪೇಟೆಯಲ್ಲಿ ಬೆಳೆದವರಿಗೆ ಇದು ತಿಳಿಯುವುದು ಕಷ್ಟ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಊರಿನ ವಾಲೀಕಾರ, ತಳವಾರ ಮೊದಲಾದ ಕೆಳ ಹಂತದ ಚಾಕರಿಗಳು ವಂಶಪಾರಂಪರ್ಯ. ಟಪಾಲು ಒಯ್ಯುವುದು, ಸಾಹೇಬರು ಬಂದರೆ ಸಾಮಾನು ಹೊರುವುದು, ಡಂಗುರ ಸಾರುವುದು, ಸತ್ತ ದನ ಎಳೆಯುವುದು. ಕರೆದಾಗ ಬರಬೇಕು, ಹಗಲು ರಾತ್ರಿ ಇಲ್ಲ. ಗಂಡಸು ಸಿಗದಿದ್ದರೆ ಮನೆಯ ಬೇರೆ ಯಾರಾದರೂ. ಪ್ರತಿಯಾಗಿ ಒಂದು ತುಂಡು ವತನದ ಹೊಲ, ರಾಶಿಯ ಕಣದಲ್ಲಿ ರೈತರು ಕೊಡುವ ಆಯ. ಹೊಲ ತಲೆಮಾರಿನಿಂದ ತಲೆಮಾರಿಗೆ ಹರಿದು ಹಂಚಿ ಗೇಣಾಗುತ್ತಿತ್ತು, ಚಾಕರಿ ಮಾತ್ರ ಇಡಿಯಾಗಿ ಉಳಿಯುತ್ತಿತ್ತು. ಬಿಟ್ಟು ಹೋಗುವಂತಿಲ್ಲ, ಹೊಲ ಹೋಗುತ್ತದೆ; ಇದ್ದರೆ ಬದುಕುವಂತಿಲ್ಲ. ಇದಕ್ಕೆ ಆಧಾರವಾಗಿದ್ದ 1874ರ ಮುಂಬೈ ವತನ ಕಾಯ್ದೆಗೆ ತಿದ್ದುಪಡಿ ಕೋರಿ ಅಂಬೇಡ್ಕರ್ 1928ರಲ್ಲಿ ಮಸೂದೆ ತಂದರು, ಅದು ಪಾಸಾಗಲಿಲ್ಲ. ರೈತ ಮನಸ್ಸಿಟ್ಟು ಕೊಟ್ಟ ಆಯವನ್ನು ದಯೆ ಎಂದು ಊರು ಕರೆಯುತ್ತಿತ್ತು. ಅಂಬೇಡ್ಕರ್ ಅದನ್ನು ಕೂಲಿಯ ಪ್ರಶ್ನೆ ಎಂದರು. ಅವರ ಮುಂದಿನ ಬೌದ್ಧ ವಿಚಾರದ ಬೀಜ ಇಂಥ ಕಂದಾಯದ ಜಗಳಗಳಲ್ಲಿದೆ ಎಂಬುದು ನನ್ನ ಅನಿಸಿಕೆ. ಬೋಧಿವೃಕ್ಷದ ಚಿತ್ರಗಳಲ್ಲಿ ಅದು ಕಾಣುವುದಿಲ್ಲ.

1929ರಲ್ಲಿ ಧಾರವಾಡದಲ್ಲಿ ಅಂಬೇಡ್ಕರರ ಸಂಸ್ಥೆ ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆಯಿತು. ಬಳವಂತರಾವ್ ವರಾಳೆ ಅದನ್ನು ಬಹುಕಾಲ ನೋಡಿಕೊಂಡರು. ಅದೇ ಕಾಲಕ್ಕೆ ಅಸ್ಪೃಶ್ಯರ ಸ್ಥಿತಿಗತಿ ಪರಿಶೀಲಿಸಲು ಮುಂಬೈ ಸರಕಾರ ಸ್ಟಾರ್ಟ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅಂಬೇಡ್ಕರ್ ಅದರ ಸದಸ್ಯರು. ಈ ಸ್ಟಾರ್ಟ್ ವಿಜಾಪುರಕ್ಕೆ ಗೊತ್ತಿದ್ದ ಸಾಹೇಬ. ‘ಅಪರಾಧಿ ಬುಡಕಟ್ಟು’ ಎಂದು ಸರಕಾರ ಹಣೆಪಟ್ಟಿ ಹಚ್ಚಿದ ಅಲೆಮಾರಿಗಳನ್ನು ತಂದು ಕೂಡಿಹಾಕಿ, ದುಡಿಸಿ, ಮಕ್ಕಳಿಗೆ ಶಾಲೆ ಕಲಿಸುವ ಸೆಟ್ಲಮೆಂಟ್ ಪದ್ಧತಿಯನ್ನು ಆತ ಮೊದಲು ಬೆಳೆಸಿದ ಜಾಗಗಳಲ್ಲಿ ವಿಜಾಪುರ ಒಂದು. ಅದೂ ಒಂದು ಬಗೆಯ ಕರುಣೆಯೇ, ಹಾಜರಿ ಪುಸ್ತಕ ಇಟ್ಟುಕೊಂಡ ಕರುಣೆ. ಸಮಿತಿಯ ಕೆಲಸಕ್ಕೆಂದು ಖಾನದೇಶದ ಚಾಳಿಸಗಾಂವಕ್ಕೆ ಹೋದ ಅಂಬೇಡ್ಕರರನ್ನು ಕೂರಿಸಿಕೊಳ್ಳಲು ಟಾಂಗಾದವರು ಒಪ್ಪಲಿಲ್ಲ. ಓಡಿಸಲು ಬಾರದವನೊಬ್ಬ ಟಾಂಗಾ ಹಿಡಿದು, ಅದು ಉರುಳಿ ಅವರ ಕಾಲಿಗೆ ಪೆಟ್ಟಾಯಿತು. ಅಸ್ಪೃಶ್ಯತೆ ತನಿಖೆ ಮಾಡಲು ಸರಕಾರ ಕಳಿಸಿದವನಿಗೇ ಹಾಗಾಯಿತು.

ಕರ್ನಾಟಕ ಮುಂಬೈಯಿಂದ ಬೇರೆಯಾಗುವುದನ್ನು ಅಂಬೇಡ್ಕರ್ ಆಗಲೇ, 1929ರ ಮೇ ತಿಂಗಳಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ತಮ್ಮ ಪ್ರತ್ಯೇಕ ವರದಿಯಲ್ಲಿ, ವಿರೋಧಿಸಿದ್ದರು. 1955ರ ಕೊನೆಗೆ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಒಂದೊಂದು ಭಾಷೆಯ ರಾಜ್ಯದಲ್ಲಿ ಒಂದೊಂದು ದೊಡ್ಡ ಜಾತಿ ಹಳ್ಳಿ ಹಳ್ಳಿಯನ್ನೂ ಹಿಡಿದಿರುತ್ತದೆ, ಚಿಕ್ಕ ಜಾತಿಗಳ ಗತಿ ಏನು ಎಂದು ಕೇಳಿದರು. ಏಕೀಕರಣದ ಹೋರಾಟಗಾರರಿಗೆ ಇದು ಹಿಡಿಸಲಿಲ್ಲ, ಹಿಡಿಸುವಂಥದ್ದೂ ಅಲ್ಲ. ಕನ್ನಡ ಶಾಲೆ, ಕನ್ನಡ ಕಚೇರಿ ಬಂದದ್ದರಿಂದ ವಿಜಾಪುರದ ದಲಿತ ಮಕ್ಕಳಿಗೂ ಲಾಭವಾಯಿತು ಎಂಬುದು ನಿಜ. ಆದರೆ ಅಂಬೇಡ್ಕರರ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ ಎಂಬುದೂ ನಿಜ.

ಹೀಗೆ ಆ 53 ದಿನಗಳಿಗೆ ಮರಳಿ ಬರುತ್ತೇವೆ. ಅವುಗಳಲ್ಲಿ ಅಂಬೇಡ್ಕರ್ ಸುಮ್ಮನೆ ಕೂರಲಿಲ್ಲ. ಅಕ್ಟೋಬರ್ 16ರಂದು ಚಂದಾ, ಈಗಿನ ಚಂದ್ರಪುರದಲ್ಲಿ, ಮತ್ತೊಂದು ದೀಕ್ಷೆ. ನವೆಂಬರ್ 20ರಂದು ಕಾಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನದಲ್ಲಿ ಬುದ್ಧ ಮತ್ತು ಮಾರ್ಕ್ಸ್ ಬಗ್ಗೆ ಭಾಷಣ. ದುಃಖಕ್ಕೆ, ಶೋಷಣೆಗೆ ಕೊನೆ ಹಾಡುವುದು ಇಬ್ಬರ ಗುರಿಯೂ ಹೌದು. ಒಬ್ಬನದು ಬಲಪ್ರಯೋಗದ ದಾರಿ, ಇನ್ನೊಬ್ಬನದು ಮನಸ್ಸನ್ನು ತಿದ್ದುವ ದಾರಿ ಎಂದು ಅಲ್ಲಿ ವಾದಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಬಿಬಿಸಿಗೆ ಮಾತನಾಡುತ್ತಾ, ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೆ ಕಲಿಸುವ ಧರ್ಮ ಇದೊಂದೇ ಎಂದಿದ್ದರು. ಸಮತೆ ಇಲ್ಲದ ಕರುಣೆ ಏನೆಂಬುದನ್ನು ಅವರು ವತನದ ಕಡತಗಳಲ್ಲಿ ಕಂಡಿದ್ದರು. ಡಿಸೆಂಬರ್ 16ಕ್ಕೆ ಮುಂಬೈಯಲ್ಲಿ ದೊಡ್ಡ ದೀಕ್ಷಾ ಸಮಾರಂಭ ನಡೆಯಬೇಕಿತ್ತು. ಅದರ ಬದಲು ಡಿಸೆಂಬರ್ 7ರಂದು ದಾದರಿನ ಸಮುದ್ರ ದಂಡೆಯಲ್ಲಿ ಚಿತೆ ಉರಿಯಿತು. ಭದಂತ ಆನಂದ ಕೌಸಲ್ಯಾಯನರು ಅಲ್ಲೇ ಸಾವಿರಾರು ಜನಕ್ಕೆ ದೀಕ್ಷೆ ಕೊಟ್ಟರು.

1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಅವರು ಬಿಟ್ಟುಹೋದ ಮಾತು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬುದ್ಧ ಯಾರನ್ನು ಸಂಘಕ್ಕೆ ಸೇರಿಸಿಕೊಂಡ ಎಂಬ ಅಧ್ಯಾಯಗಳು. ಕ್ಷೌರಿಕ ಉಪಾಲಿ, ಕಸ ಗುಡಿಸುವ ಸುನೀತ, ಅಸ್ಪೃಶ್ಯರಾದ ಸೋಪಾಕ ಮತ್ತು ಸುಪ್ಪಿಯ, ಕುಷ್ಠರೋಗಿ ಸುಪ್ಪಬುದ್ಧ. ಚಂಡಾಲ ಹುಡುಗಿ ಪ್ರಕೃತಿಯೂ ಅಲ್ಲಿ ಬರುತ್ತಾಳೆ. ದಾರಿ ನಡೆದು ಬಾಯಾರಿದ ಆನಂದ ಆಕೆಯ ಹತ್ತಿರ ನೀರು ಕೇಳುತ್ತಾನೆ. ನಾನು ಕೀಳು ಜಾತಿಯವಳು, ನನ್ನ ನೀರು ಹೇಗೆ ಕುಡಿಯುತ್ತೀ ಎನ್ನುತ್ತಾಳೆ. ಕೇಳಿದ್ದು ನೀರು, ನಿನ್ನ ಜಾತಿಯಲ್ಲ ಎಂಬರ್ಥದಲ್ಲಿ ಆತ ಉತ್ತರಿಸುತ್ತಾನೆ. ಇದೇ ಕತೆಯನ್ನು 1922ರಲ್ಲಿ ಕುಮಾರನ್ ಆಶಾನ್ ಮಲಯಾಳದ ಕಾವ್ಯವಾಗಿ, 1933ರಲ್ಲಿ ರವೀಂದ್ರನಾಥ ಟಾಗೋರ್ ಬಂಗಾಳಿ ನಾಟಕವಾಗಿ ಬರೆದರು. ಡೋಣಿ ದಂಡೆಯವರಿಗೆ ಇದರ ಅರ್ಥ ತಿಳಿಯಲು ವ್ಯಾಖ್ಯಾನ ಬೇಕಿಲ್ಲ. ಇಲ್ಲಿ ಭಿಕ್ಷು ಏನನ್ನೂ ಕೊಡುವುದಿಲ್ಲ. ತಾನು ಬಾಗಿ ಬೊಗಸೆ ಒಡ್ಡುತ್ತಾನೆ. ಗಡಗಡಿಯ ಹಗ್ಗ ಆಕೆಯ ಕೈಯಲ್ಲಿದೆ.

ಧರ್ಮ ಕರುಣೆಯನ್ನಷ್ಟೇ ಕಲಿಸಿದರೆ ಸಾಲದು, ಅದನ್ನು ದಾಟಿ ಮೈತ್ರಿಯನ್ನು ಕಲಿಸಬೇಕು. ಮನುಷ್ಯ ಮನುಷ್ಯರ ನಡುವಿನ ಗೋಡೆ ಕೆಡವಬೇಕು, ಹುಟ್ಟನ್ನಲ್ಲ ಯೋಗ್ಯತೆಯನ್ನು ಅಳತೆಗೋಲಾಗಿ ಹಿಡಿಯಬೇಕು ಎಂಬುದು ಆ ಗ್ರಂಥದ ನಿಲುವು. ಕನ್ನಡದ ಓದುಗ ಅಷ್ಟರವರೆಗೆ ಬಲ್ಲ ಬುದ್ಧ ಬೇರೆ. ಮಾಸ್ತಿಯವರ ‘ಯಶೋಧರಾ’, ಜಿ.ಪಿ. ರಾಜರತ್ನಂ ಪಾಲಿಯಿಂದ ತಂದ ಕೃತಿಗಳು, ಶಾಲಾ ಪುಸ್ತಕದ ಹಂಸ ಮತ್ತು ಸಾಸಿವೆ ಕಾಳಿನ ಕತೆಗಳು ನಮಗೆ ಕೊಟ್ಟದ್ದು ಮೃದುವಾದ, ಮನೆಯೊಳಗಿನ ದುಃಖಕ್ಕೆ ಕಣ್ಣೊರೆಸುವ ಬುದ್ಧನನ್ನು. ಆ ಬುದ್ಧ ಸುಳ್ಳಲ್ಲ. ಆದರೆ ಆತ ಊರ ಬಾವಿಯ ಹತ್ತಿರ ಬಂದವನಲ್ಲ.

ವಿಜಾಪುರ ಹೋಗಿ ಸೇರಿದ ಮೈಸೂರು ರಾಜ್ಯದಲ್ಲೂ ಬೌದ್ಧರಿದ್ದರು. ಕೋಲಾರದ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ ತಮಿಳು ಕಾರ್ಮಿಕರ ನಡುವೆ ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘ ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಬೇರೂರಿತ್ತು. ಬೆಂಗಳೂರಿನಲ್ಲಿ ಆಚಾರ್ಯ ಬುದ್ಧರಕ್ಖಿತರು ಮಹಾಬೋಧಿ ಸೊಸೈಟಿ ಆರಂಭಿಸಿದ್ದು ಅದೇ 1956ರಲ್ಲಿ. ಧ್ಯಾನ, ಪಾಲಿ ಅಧ್ಯಯನ, ರೋಗಿಗಳ ಸೇವೆ ಅದರ ಹಾದಿ. ಆದರೆ ಬೆಂಗಳೂರು ದೂರ, ಕೋಲಾರ ಇನ್ನೂ ದೂರ. ತಿಕೋಟಾದ ಕೇರಿಗೆ ಸೊಲ್ಲಾಪುರ ಒಂದು ಗಾಡಿಯ ಹಾದಿ, ಮತ್ತು ಸೊಲ್ಲಾಪುರ ಈಗ ಬೇರೆ ರಾಜ್ಯ.

ಫಲ ಅಂಕಿಗಳಲ್ಲಿ ಕಾಣುತ್ತದೆ. ಈಗಿನ ಮಹಾರಾಷ್ಟ್ರದ ಪ್ರದೇಶದಲ್ಲಿ 1951ರ ಜನಗಣತಿಯಲ್ಲಿ ಬೌದ್ಧರು ಎರಡೂವರೆ ಸಾವಿರದಷ್ಟು; 1961ರಲ್ಲಿ ಸುಮಾರು 27.9 ಲಕ್ಷ. ಅದೇ 1961ರಲ್ಲಿ ಇಡೀ ಮೈಸೂರು ರಾಜ್ಯದ ಬೌದ್ಧರು ಹತ್ತು ಸಾವಿರವನ್ನೂ ಮುಟ್ಟಲಿಲ್ಲ. ಒಂದೇ ಪ್ರಾಂತ್ಯದಲ್ಲಿ ಒಂದೇ ವತನದ ಚಾಕರಿ ಮಾಡಿದವರು, ಒಂದೇ ನಾಯಕನ ಮಾತು ಕೇಳಿದವರು, ಗಡಿಯ ಆಚೆ ಬೌದ್ಧರು, ಈಚೆ ಪರಿಶಿಷ್ಟರು. ಗಡಿಯೊಂದೇ ಕಾರಣವೆಂದರೆ ಅತಿ ಸರಳವಾಗುತ್ತದೆ. ಇಲ್ಲಿಯ ಹೊಲೆಯ, ಮಾದಿಗ, ಸಮಗಾರರಲ್ಲಿ ಮಹಾರರಂತೆ ಒಂದೇ ಸಮುದಾಯದ ಗಟ್ಟಿ ಬಹುಮತ ಇರಲಿಲ್ಲ. ಬಲಗೈ ಎಡಗೈ ಎಂಬ ಹಳೆಯ ಗೆರೆ ಕೇರಿಯ ಒಳಗೇ ಇತ್ತು, ಇಂದಿಗೂ ಇದೆ. ಒಡೆದ ಸಮಾಜ ಎಂದರೆ ಊರು ಮತ್ತು ಕೇರಿ ಎಂದಷ್ಟೇ ತಿಳಿದವರು ಕೇರಿಯನ್ನು ಹತ್ತಿರದಿಂದ ನೋಡಿಲ್ಲ. ಅದರ ಜೊತೆ ಕಾನೂನಿನ ಗಂಟು. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂಗಳು, 1956ರಿಂದ ಸಿಖ್ಖರೂ, ಮಾತ್ರ ಪರಿಶಿಷ್ಟರು. ಬೌದ್ಧನೆಂದು ಬರೆಸಿದರೆ ಮೀಸಲಾತಿ ಹೋಯಿತು. ಮಹಾರಾಷ್ಟ್ರ 1960ರಲ್ಲಿ ಹುಟ್ಟಿದ ಕೂಡಲೇ ನವಬೌದ್ಧರಿಗೆ ರಾಜ್ಯದ ಮಟ್ಟಿಗೆ ಸವಲತ್ತು ಕೊಟ್ಟಿತು. ಕೇಂದ್ರದ ಕಾನೂನು ಬದಲಾಗಲು 1990 ಬೇಕಾಯಿತು. ಮೂವತ್ತನಾಲ್ಕು ವರ್ಷ ಎಂದರೆ ಒಂದು ತಲೆಮಾರು ಕಲಿತು ನೌಕರಿ ಹಿಡಿದು ಮಕ್ಕಳಿಗೆ ಮದುವೆ ಮಾಡುವಷ್ಟು ಕಾಲ.

ವತನಗಳು ಮೈಸೂರಿನ 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯಿಂದ ಹೋದವು. ಕಾಯ್ದೆ ಜಾರಿಯಾದದ್ದು 1963ರಲ್ಲಿ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಆಗಲೇ ಇತ್ತು. ಆದರೂ ಆ ವರ್ಷಗಳ ಬಾಲ್ಯ ಹೇಗಿತ್ತು ಎಂದು ತಿಳಿಯಲು ಇದೇ ಜಿಲ್ಲೆಯ ಮುದ್ದೇಬಿಹಾಳದಲ್ಲಿ 1956ರಲ್ಲೇ ಹುಟ್ಟಿದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಓದಬೇಕು. ಕಾಯ್ದೆಯ ಕಲಮುಗಳಿಗಿಂತ ಹೆಚ್ಚು ವಿಷಯ ಅದರಲ್ಲಿದೆ. ಕನ್ನಡದ ಮೊದಲ ದಲಿತ ಆತ್ಮಕಥನವೆಂದು ಅದನ್ನು ಗುರುತಿಸುತ್ತಾರೆ.

1970ರ ದಶಕದ ದಲಿತ ಸಂಘರ್ಷ ಸಮಿತಿಯ ಚಳವಳಿಯೊಂದಿಗೆ ಬುದ್ಧ ಮತ್ತೊಮ್ಮೆ ಬಂದ, ಈ ಸಲ ಕನ್ನಡದಲ್ಲೇ. ಮಕ್ಕಳಿಗೆ ಸಿದ್ಧಾರ್ಥ, ಗೌತಮ, ಸುಜಾತಾ ಎಂದು ಹೆಸರಿಟ್ಟರು. ಬುದ್ಧ, ಬಸವ, ಅಂಬೇಡ್ಕರ್ ಎಂದು ಮೂರು ಭಾವಚಿತ್ರ ಒಟ್ಟಿಗೆ ಇಡುವುದು ಈ ಸೀಮೆಯ ವೇದಿಕೆಗಳಲ್ಲಿ ಈಗ ರೂಢಿ. ಸಭೆಗೆ ಮೂರು ಮಾಲೆ ಸಾಕು, ಖರ್ಚು ಕಡಿಮೆ. ಅದರಿಂದ ಏನೂ ಆಗಿಲ್ಲ ಎನ್ನಲಾರೆ. ಬಸವಣ್ಣನ ಪಕ್ಕದಲ್ಲಿ ಅಂಬೇಡ್ಕರ್ ಕೂರುವುದಕ್ಕೇ ಎಷ್ಟೋ ಊರುಗಳಲ್ಲಿ ಜಗಳವಾಗಿದೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನ ಮಗ, ಮಧುವರಸನ ಮಗಳ ಜಾತಿ ಮೀರಿದ ಮದುವೆಗೆ ಕಲ್ಯಾಣ ಕೊಟ್ಟ ರಕ್ತದ ಉತ್ತರ ನೆನೆದರೆ, ಮಾಲೆ ಹಾಕುವುದು ಸುಲಭದ ಭಾಗ ಎಂದು ತಿಳಿಯುತ್ತದೆ.

ತಿಕೋಟಾ ತಾಲ್ಲೂಕಿನ ಇಂದಿನ ಹೆಸರುವಾಸಿ ಮುಖ ಬೇರೆಯದು: ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು. 2018ರಲ್ಲಿ ಪದ್ಮಶ್ರೀ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡಾಗ, ಅವರು ಮೊದಲೇ ಬರೆದಿಟ್ಟಂತೆ ದೇಹವನ್ನು ಸುಟ್ಟರು, ಸ್ಮಾರಕ ಬೇಡವೆಂಬ ಮಾತು ಉಳಿಸಿದರು. ಯಾವ ಧರ್ಮದ ಹೆಸರಿಲ್ಲದೆ ಹೇಳಿದರೆ ಅದು ಭಿಕ್ಷುವೊಬ್ಬನ ಸಾವೆಂದೇ ಕೇಳಿಸುತ್ತದೆ. ಅವರ ಪ್ರವಚನಕ್ಕೆ ಎಲ್ಲ ಜಾತಿಯವರೂ ಬಂದು ಒಂದೇ ಜಮಖಾನೆಯ ಮೇಲೆ ಕೂತರು, ಇದು ಸಣ್ಣದಲ್ಲ. ನಾಗಪುರದ ದಾರಿ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಜಮಖಾನೆಯಿಂದ ಎದ್ದವರು ಯಾರ ಮನೆಯಲ್ಲಿ ನೀರು ಕುಡಿಯುತ್ತಾರೆ ಎಂದು ಅದು ಕೇಳುತ್ತದೆ.

1990ರ ತಿದ್ದುಪಡಿಯ ನಂತರ ಕರ್ನಾಟಕದ ಲೆಕ್ಕ ಏರಿತು. 2001ರ ಜನಗಣತಿಯಲ್ಲಿ ರಾಜ್ಯದ ಬೌದ್ಧರು 3.9 ಲಕ್ಷ ದಾಟಿದರು. ಹೆಚ್ಚಿನವರು ಬೀದರ, ಕಲಬುರಗಿ ಕಡೆಯವರು. 2011ರಲ್ಲಿ ಆ ಸಂಖ್ಯೆ ಒಂದು ಲಕ್ಷದ ಕೆಳಗೆ ಬಿತ್ತು. ಹತ್ತು ವರ್ಷದಲ್ಲಿ ಮೂರು ಲಕ್ಷ ಜನ ಮನಸ್ಸು ಬದಲಿಸಿದರು ಎಂದು ನಂಬುವುದು ನನಗೆ ಕಷ್ಟ. ಬಾಗಿಲಲ್ಲಿ ನಿಂತ ಗಣತಿದಾರನ ಪ್ರಶ್ನೆಗೆ ಏನು ಹೇಳಿದರೆ ಜಾತಿ ಪ್ರಮಾಣಪತ್ರಕ್ಕೆ ತೊಂದರೆಯಾಗುವುದಿಲ್ಲ ಎಂದು ಲೆಕ್ಕ ಹಾಕುವ ಮನೆಗಳು ಬಹಳ. ಕಾನೂನು ಬದಲಾದದ್ದು ತಹಶೀಲ್ದಾರ ಕಚೇರಿಯ ಮೇಜಿಗೆ ತಲುಪಲು ಕಾನೂನಿಗಿಂತ ಹೆಚ್ಚು ಕಾಲ ಬೇಕು. ಇತ್ತ 2022ರ ಅಕ್ಟೋಬರ್ 14ರಂದು ನೆರೆಯ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಜನ ದೀಕ್ಷೆ ತೆಗೆದುಕೊಂಡರು. ಮನೆಯ ದೇವರ ಪಟಗಳನ್ನು ಕೃಷ್ಣೆಗೆ ಬಿಟ್ಟರು. ಅವರೂ 22 ಪ್ರತಿಜ್ಞೆ ಹೇಳಿದರು.

ತುಬಚಿ–ಬಬಲೇಶ್ವರ ಏತ ನೀರಾವರಿಯ ಕೊಳವೆಗಳಲ್ಲಿ ಅದೇ ಕೃಷ್ಣೆಯ ನೀರು ಈಗ ಈ ಸೀಮೆಗೂ ಏರಿ ಬರುತ್ತಿದೆ. ತಿಕೋಟಾದ ಸುತ್ತ ದ್ರಾಕ್ಷಿ ಬೆಳೆದಿದೆ. ನಳ ಮನೆಮನೆಗೆ ಬಂದ ಮೇಲೆ ಊರ ಬಾವಿಯ ಜಗಳ ಹಿಂದೆ ಸರಿದಿದೆ, ಗುಡಿಯ ಮತ್ತು ಮದುವೆಯ ಜಗಳ ಸರಿದಿಲ್ಲ. ಮುಂದಿನ ಜನಗಣತಿ 2027ಕ್ಕೆ ಗೊತ್ತಾಗಿದೆ. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ ಅದರಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳಲಿದ್ದಾರೆ. ಬೌದ್ಧ ಎಂದು ಬರೆಸುವವರನ್ನು ಜಾತಿ ಕೇಳುತ್ತಾರೆ. ಈ ಸಲ ಜಾತಿ ಹೇಳಬೇಕಾದವರು ಅವರಷ್ಟೇ ಅಲ್ಲ.